ಕರುಳು ತೊಳೆಯುವ ಚಿಕಿತ್ಸೆ ಅತ್ತೆಗೆ ಮಾಡಿಸಬಹುದಾ?

ಹೇಮಾವತಿ ದಂಡೆ (ಹಾಸನ):
ನಮ್ಮ ಅತ್ತೆಗೆ 62 ವರ್ಷ. ಈಚೆಗೆ ನಾಲ್ಕೈದು ತಿಂಗಳಿಂದ ಮಲಬದ್ಧತೆ ತುಂಬಾ ಜಾಸ್ತಿಯಾಗಿದೆ. ಹೊಟ್ಟೆ ಉಬ್ಬರ, ಊಟ ಸೇರುವುದಿಲ್ಲ, ಬೆಳಗ್ಗೆ ಬಾತ್‌ರೂಮಿಗೆ ಹೋದರೆ ಅರ್ಧ ಗಂಟೆ ಆಚೆ ಬರುವುದಿಲ್ಲ. ನಾದಿನಿ ಒಂದು ವೆಲ್‌ನೆಸ್ ಸೆಂಟರಿನ ವಿಡಿಯೋ ಕಳಿಸಿದ್ದಾಳೆ, ಕೊಲೋನ್ ಹೈಡ್ರೋಥೆರಪಿ ಅಂತೆ. ಬೆಚ್ಚಗಿನ ನೀರು ಬಿಟ್ಟು ದೊಡ್ಡ ಕರುಳನ್ನು ಪೂರ್ತಿ ತೊಳೆಯುತ್ತಾರಂತೆ, ವರ್ಷಗಟ್ಟಲೆ ಅಂಟಿಕೊಂಡ ಕೊಳೆಯೆಲ್ಲ ಬರುತ್ತದಂತೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಅತ್ತೆ "ಇದನ್ನೆಲ್ಲ ಅವರ ಮುಂದೆ ಹೇಗಮ್ಮ ಹೇಳೋದು" ಅನ್ನುತ್ತಾರೆ. ಅದಕ್ಕೇ ಅವರಿಗೂ ಈ ಪ್ಯಾಕೇಜೇ ವಾಸಿ ಅನ್ನಿಸಿದೆ. ಯಾರಾದರೂ ಮಾಡಿಸಿಕೊಂಡಿದ್ದೀರಾ?

ಮುಳ್ಳಯ್ಯನಗಿರಿ:
ನಾನು ಮಾಡಿಸಿಕೊಂಡಿದ್ದೇನೆ, ಬೆಂಗಳೂರಿನಲ್ಲಿ. ಮಗ್ಗುಲಾಗಿ ಮಲಗಿಸಿ ನಳಿಕೆ ಹಾಕುತ್ತಾರೆ, ಮುಕ್ಕಾಲು ಗಂಟೆ ನೀರು ಒಳಗೆ ಹೋಗುತ್ತಾ ಆಚೆ ಬರುತ್ತಾ ಇರುತ್ತದೆ. ನೋವು ಅಂತೇನಿಲ್ಲ, ಹೊಟ್ಟೆ ಹಿಡಿದುಕೊಂಡ ಹಾಗಾಗುತ್ತದೆ ಅಷ್ಟೇ. ಆಚೆ ಬರುವ ಪೈಪಿನ ಒಂದು ತುಂಡು ಗಾಜಿನದು. ಅಲ್ಲಿದ್ದ ಹುಡುಗಿ ಅದರ ಮೇಲೆ ಬೆರಳಿಟ್ಟು, ಎಳೆ ಎಳೆಯಾಗಿ ತೇಲಿ ಹೋಗುತ್ತಿದ್ದ ಲೋಳೆ ತೋರಿಸಿ "ನೋಡಿ ಸರ್, ಇದೇ ಟಾಕ್ಸಿನ್" ಅಂದಳು. ಆ ದಿನ ಹೊಟ್ಟೆ ಹಗುರ ಅನ್ನಿಸಿದ್ದು ನಿಜ. ಮುಂದಿನ ವಾರ ಯಥಾಪ್ರಕಾರ. ದುಡ್ಡು ಜಾಸ್ತಿ ಇದ್ದರೆ ಹೋಗಿ.

ವಾರ್ಡ್ ಸಿಸ್ಟರ್:
ದುಡ್ಡು ಇದ್ದರೂ ಬೇಡ ಮೇಡಂ. ನಾನು ಸರ್ಜರಿ ವಾರ್ಡಿನಲ್ಲಿ ನರ್ಸ್.

ಕರುಳಿನ ಗೋಡೆಗೆ ವರ್ಷಗಟ್ಟಲೆ ಏನೂ ಅಂಟಿಕೊಂಡಿರುವುದಿಲ್ಲ. ಒಳಪದರದ ಜೀವಕೋಶಗಳೇ ಕೆಲವು ದಿನಕ್ಕೊಮ್ಮೆ ಉದುರಿ ಹೊಸದಾಗುತ್ತವೆ, ಕೊಳೆ ಎಲ್ಲಿ ಕೂರಬೇಕು ಹೇಳಿ? ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡುವಾಗ ನೋಡುತ್ತಲೇ ಇರುತ್ತೇವೆ, ಒಳಗೆ ನಸುಗೆಂಪಗೆ ಹೊಳೆಯುತ್ತಿರುತ್ತದೆ. ಆ ಲೋಳೆಯನ್ನು ಕರುಳೇ ಸುರಿಸುತ್ತದೆ, ಮಲ ಜಾರಲಿ ಅಂತ.

ಮಲದ ವಿಷ ರಕ್ತಕ್ಕೆ ಸೇರುತ್ತದೆ ಅನ್ನುವುದು ತೀರಾ ಹಳೆಯ ಮಾತು. ಅಮೆರಿಕದ ಡಾಕ್ಟರ್ ವಾಲ್ಟರ್ ಅಲ್ವಾರೆಝ್ 1919ರಲ್ಲೇ ಅದನ್ನು ಪ್ರಶ್ನಿಸಿದ್ದರು. ಹೊಟ್ಟೆ ಖಾಲಿಯಾದ ಕೂಡಲೇ ತಲೆಭಾರ ಇಳಿಯುತ್ತದೆ ಅಲ್ವಾ, ವಿಷ ರಕ್ತಕ್ಕೆ ಸೇರಿದ್ದರೆ ಅಷ್ಟು ಬೇಗ ಇಳಿಯುತ್ತಿತ್ತಾ ಅನ್ನುವುದು ಅವರ ವಾದ.

ತೊಂದರೆ ಏನು ಅಂದರೆ, ದೊಡ್ಡ ಕರುಳಿನ ಕೆಲಸವೇ ನೀರು, ಉಪ್ಪು ಹೀರುವುದು. ಅಷ್ಟೊಂದು ನೀರು ಬಿಟ್ಟರೆ ಸೋಡಿಯಂ, ಪೊಟ್ಯಾಸಿಯಂ ಏರುಪೇರಾಗಬಹುದು. ಕಿಡ್ನಿ, ಹಾರ್ಟ್ ತೊಂದರೆ ಇರುವವರಿಗೆ ಇದು ಆಟವಲ್ಲ. ಅಪರೂಪಕ್ಕೆ ಕರುಳು ತೂತಾದದ್ದೂ ಇದೆ. ಅಮೆರಿಕದ ಕೊಲೊರಾಡೋದಲ್ಲಿ 1978ರಿಂದ 1980ರ ನಡುವೆ ಇಂಥದ್ದೇ ಒಂದು ಮಷೀನಿನಿಂದ ಕನಿಷ್ಠ 36 ಜನಕ್ಕೆ ಅಮೀಬಿಯಾಸಿಸ್ ಅನ್ನುವ ಕರುಳಿನ ಸೋಂಕು ಹರಡಿ, ಕೆಲವರು ತೀರಿಯೇ ಹೋದರು.

ಅತ್ತೆ ಯಾವ ಯಾವ ಮಾತ್ರೆ ತಗೊಳ್ಳುತ್ತಾರೆ? ಹೊಸದಾಗಿ ಏನಾದರೂ ಶುರುವಾಗಿದೆಯಾ?

ರಾಗಿ ಮುದ್ದೆ:
ಸುಮ್ನೆ ರಾತ್ರಿಗೆ ಮುದ್ದೆ, ಸೊಪ್ಪಿನ ಸಾರು ಹಾಕಿ. 100 ಗ್ರಾಂ ರಾಗಿಯಲ್ಲಿ ನಾರು ಹೆಚ್ಚುಕಮ್ಮಿ 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ ಮೂರಕ್ಕೂ ಕಮ್ಮಿ. ಈಗ ನಮ್ಮ ಹಾಸನದಲ್ಲೂ ಮೂರು ಹೊತ್ತು ಅನ್ನ, ಇಡ್ಲಿ, ದೋಸೆ ಆಗಿಬಿಟ್ಟಿದೆ. ಅಂದಹಾಗೆ ಆಯುರ್ವೇದದ ಬಸ್ತಿಯೂ ಇದೇ ತಾನೇ?

ಕಷಾಯ:
ಅಲ್ಲ. ಬಸ್ತಿಯಲ್ಲಿ ಕೊಡುವುದು ಎಣ್ಣೆ ಅಥವಾ ಕಷಾಯ. ಎಣ್ಣೆಯದಾದರೆ ಅನುವಾಸನ, ಕಷಾಯದ್ದಾದರೆ ನಿರೂಹ. ಹೆಚ್ಚೆಂದರೆ ಒಂದು ಲೀಟರ್ ಆಸುಪಾಸು. ಮಷೀನಿನಲ್ಲಿ ಒಂದು ಸಲಕ್ಕೆ 60 ಲೀಟರ್ ತನಕ ಹರಿಸುವುದುಂಟು. ಬಸ್ತಿ ಬೇಕೇಬೇಕು ಅಂದರೂ ತಣ್ಣೀರುಹಳ್ಳದ ಎಸ್‌ಡಿಎಂ ಆಯುರ್ವೇದ ಆಸ್ಪತ್ರೆಯಂಥ ಕಡೆ ಮೊದಲು ವೈದ್ಯರಿಗೆ ತೋರಿಸಿ. ವಿಡಿಯೋ ನೋಡಿ ಪ್ಯಾಕೇಜ್ ತಗೊಳ್ಳಬೇಡಿ.

ಹೇಮಾವತಿ ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್, ಬಿಪಿ ಮಾತ್ರೆ ಹಳೆಯದು. ಮಂಡಿನೋವಿಗೆ ಕ್ಯಾಲ್ಸಿಯಂ ಕೊಟ್ಟಿದ್ದಾರೆ. ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ರಕ್ತ ಕಮ್ಮಿ ಅಂತ ಬಂತು, ಆಗಿನಿಂದ ಐರನ್ ಮಾತ್ರೆ. ಅಂದರೆ ಇವನ್ನು ನಿಲ್ಲಿಸಿದರೆ ಸಾಕಾ?

ವಾರ್ಡ್ ಸಿಸ್ಟರ್:
ನಿಲ್ಲಿಸಬೇಡಿ. ಐರನ್, ಕ್ಯಾಲ್ಸಿಯಂ ಎರಡೂ ಮಲಬದ್ಧತೆ ತರುತ್ತವೆ, ಅದೇ ಕಾರಣ ಇದ್ದರೂ ಇರಬಹುದು. ನನಗೆ ಯೋಚನೆ ಇರುವುದು ಬೇರೆ. ಈ ವಯಸ್ಸಿನಲ್ಲಿ ರಕ್ತ ಯಾಕೆ ಕಮ್ಮಿಯಾಯಿತು? ಕರುಳಿನಲ್ಲಿ ಎಲ್ಲೋ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಅದರ ಮೇಲೆ ಐರನ್ ಮಾತ್ರೆಯಿಂದ ಮಲ ಕಪ್ಪಾಗುವುದರಿಂದ ಇನ್ನೂ ಗೊತ್ತಾಗುವುದಿಲ್ಲ. ಗಾಬರಿ ಬೇಡ, ಹೆಚ್ಚಿನವರಿಗೆ ದೊಡ್ಡ ಕಾಯಿಲೆ ಇರುವುದಿಲ್ಲ. ಆದರೂ ಡಾಕ್ಟರಿಗೆ ತೋರಿಸಲೇಬೇಕು, ಅವರು ಹೇಳಿದರೆ ಕೊಲೊನೋಸ್ಕೋಪಿಯೂ ಮಾಡಿಸಬೇಕು. ಥೈರಾಯ್ಡ್, ಶುಗರ್ ಕೂಡ ಜೊತೆಗೇ ಪರೀಕ್ಷೆ ಆಗಲಿ. ಇಸಬ್ಗೋಲ್ ಕೇಳಬೇಡಿ ಈಗ, ಮೊದಲು ತೋರಿಸಿ. ತೂಕ ಇಳಿದಿದೆಯಾ ನೋಡಿಕೊಂಡು ಹೋಗಿ, ಕೇಳುತ್ತಾರೆ.

ಹಿಮ್ಸ್ (ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಓಪಿಡಿಗೆ ಬೆಳಗ್ಗೆ ಬೇಗ ಬನ್ನಿ, ಚೀಟಿ ಮಾಡಿಸುವಾಗಲೇ ಲೇಡಿ ಡಾಕ್ಟರ್ ಇದ್ದಾರಾ ಕೇಳಿ. ಮಾತ್ರೆಯ ಸ್ಟ್ರಿಪ್‌ಗಳು, ಹಳೆಯ ರಕ್ತದ ರಿಪೋರ್ಟು ಚೀಲದಲ್ಲಿ ಹಾಕಿಕೊಳ್ಳಿ. ಅತ್ತೆಗೆ ಹೇಳಿ, ಅಲ್ಲಿ ದಿನವಿಡೀ ಇದನ್ನೇ ಕೇಳುತ್ತಾರೆ, ಇದನ್ನೇ ಹೇಳುತ್ತಾರೆ, ಯಾರೂ ನಗುವುದಿಲ್ಲ.

ಹೇಮಾವತಿ ದಂಡೆ:
ಸೋಮವಾರ ಕರೆದುಕೊಂಡು ಬರುತ್ತೇನೆ ಸಿಸ್ಟರ್. ನಾದಿನಿ ಅಡ್ವಾನ್ಸ್ ಕಟ್ಟಿಬಿಟ್ಟಿದ್ದಾಳಂತೆ, ಅದನ್ನು ವಾಪಸ್ ಕೇಳುವುದು ಅವಳ ತಲೆನೋವು.