ಅಪ್‌ಡೇಟ್: ಹಳೆಯ ಡಿಸ್ಕ್‌ನಿಂದ ಡೇಟಾಬೇಸ್ ಸಿಕ್ಕಿತು

ಹ್ಯಾಕ್ ಆದ ಸರ್ವರ್‌ನ ಹಾರ್ಡ್ ಡಿಸ್ಕ್ ಮಾತ್ರ ಉಳಿದಿದೆ, ಡಂಪ್ (ಡೇಟಾಬೇಸ್‌ನ ಬ್ಯಾಕಪ್ ಫೈಲ್) ಇಲ್ಲ, ಮೈಎಸ್‌ಕ್ಯುಎಲ್ 5.7 ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನ ಡೇಟಾ ತೆಗೆಯುವುದು ಹೇಗೆ ಎಂದು ಕೇಳಿದ್ದೆ. ಡೇಟಾ ಪೂರ್ತಿ ಸಿಕ್ಕಿದೆ.

ಆ ಡಿಸ್ಕ್‌ನಿಂದ ಬೂಟ್ ಮಾಡಲೇಬಾರದು. ಮೊದಲು ಡಿಡಿರೆಸ್ಕ್ಯೂ ಎಂಬ ಟೂಲ್‌ನಿಂದ ಇಮೇಜ್ (ಡಿಸ್ಕ್‌ನ ಪೂರ್ತಿ ನಕಲು) ತೆಗೆದು, ಅದನ್ನು ರೀಡ್-ಓನ್ಲಿ ಜೊತೆಗೆ ನೋಲೋಡ್ (ಜರ್ನಲ್ ಓಡಿಸಬೇಡ), ನೋಎಕ್ಸೆಕ್ (ಪ್ರೋಗ್ರಾಂ ಓಡಿಸಬೇಡ) ಹಾಕಿ ಮೌಂಟ್ ಮಾಡಿದ್ದು. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಬರೀ ರೀಡ್-ಓನ್ಲಿ ಸಾಲದು. ಜರ್ನಲ್ (ಅರ್ಧಕ್ಕೆ ನಿಂತ ಬದಲಾವಣೆಗಳ ದಾಖಲೆ) ರೀಪ್ಲೇ ಆಗಿ ಬರಹ ಬೀಳಬಹುದು.

ಎಡವಟ್ಟಾಗುವುದು ಮುಂದಿನ ಹಂತದಲ್ಲಿ. ಡೇಟಾಬೇಸ್ ಹೆಸರಿನ ಫೋಲ್ಡರ್ ಒಂದನ್ನೇ ನಕಲಿಸಿದರೆ ಟೇಬಲ್‌ಗಳ ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ತೆರೆಯಲು ಹೋದರೆ 'ಟೇಬಲ್ ಇಲ್ಲ' ಎನ್ನುತ್ತದೆ. ಮೈಎಸ್‌ಕ್ಯುಎಲ್‌ನ ಸ್ಟೋರೇಜ್ ಎಂಜಿನ್ ಆದ ಇನ್ನೊಡಿಬಿಯ ಡಿಕ್ಷನರಿ (ಟೇಬಲ್‌ಗಳ ವಿವರದ ಪಟ್ಟಿ) ಇರುವುದು ಐಬಿಡೇಟಾ1 ಫೈಲಿನಲ್ಲಿ. ಹಾಗಾಗಿ ಅದು, ಎರಡು ಐಬಿ_ಲಾಗ್‌ಫೈಲ್‌ಗಳು ಸೇರಿ ಇಡೀ ಡೇಟಾ ಡೈರೆಕ್ಟರಿಯನ್ನೇ ನೆಟ್‌ವರ್ಕ್ ಇಲ್ಲದ ವರ್ಚುವಲ್ ಮಷೀನ್‌ಗೆ ಹಾಕಿ, ಮಾಲೀಕತ್ವವನ್ನು ಮೈಎಸ್‌ಕ್ಯುಎಲ್ ಯೂಸರ್‌ಗೆ ಬದಲಿಸಿ, ಅದೇ 5.7 ಆವೃತ್ತಿಯಲ್ಲಿ ಚಾಲೂ ಮಾಡಬೇಕು. ಫೋರ್ಸ್ ರಿಕವರಿ (ಕೆಟ್ಟ ಡೇಟಾ ಇದ್ದರೂ ಚಾಲೂ ಮಾಡಿಸುವ ಸೆಟ್ಟಿಂಗ್) 1ಕ್ಕೇ ಎದ್ದಿತು. 4 ಅಥವಾ ಹೆಚ್ಚು ಕೊಟ್ಟರೆ ಫೈಲ್‌ಗಳು ಶಾಶ್ವತವಾಗಿ ಕೆಡಬಹುದು, ನಕಲಿನ ಮೇಲಷ್ಟೇ ಪ್ರಯತ್ನಿಸಿ.

ಡಂಪ್ ತೆಗೆದದ್ದು ಆ್ಯಪ್‌ನ ಡೇಟಾಬೇಸ್ ಒಂದನ್ನೇ. ಯೂಸರ್‌ಗಳಿರುವ ಸಿಸ್ಟಮ್ ಡೇಟಾಬೇಸ್ ಬೇಡವೇ ಬೇಡ. ಟ್ರಿಗರ್‌ಗಳು (ಟೇಬಲ್ ಬದಲಾದಾಗ ತಾವೇ ಓಡುವ ಕೋಡ್) ಕೇಳದೆಯೇ ಡಂಪ್‌ಗೆ ಸೇರುತ್ತವೆ, ಹ್ಯಾಕರ್ ಇಟ್ಟದ್ದೂ ಇರಬಹುದು, ಅದಕ್ಕೆ ಸ್ಕಿಪ್-ಟ್ರಿಗರ್ಸ್ ಕೊಟ್ಟಿದ್ದೇನೆ. ಇನ್ನು ಅಡ್ಮಿನ್ ಖಾತೆಗಳನ್ನೂ ಪಠ್ಯದೊಳಗೆ ನುಸುಳಿರಬಹುದಾದ ಸ್ಕ್ರಿಪ್ಟ್ ಟ್ಯಾಗ್‌ಗಳನ್ನೂ ಜಾಲಾಡುವುದು ಬಾಕಿ.