ಕ್ರಿಸ್ಮಸ್‌ಗೆ ಮಕ್ಕಳನ್ನು ಕರೆದುಕೊಂಡು ಸೇವೆಗೆ ಹೋದವರು ಇದ್ದೀರಾ?

ಬಿಜೈಯ ಅಮ್ಮ: ನಮಗೆ ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ಈ ಸಲ ಡಿಸೆಂಬರ್ 24ರ ಹಗಲನ್ನು ಮಂಗಳೂರಿನ ಯಾವುದಾದರೂ ವೃದ್ಧಾಶ್ರಮದಲ್ಲಿ ಕಳೆಯೋಣವೆಂದಿದ್ದೇವೆ. ಚಿಕ್ಕವನಿಗೆ ಅಪರಿಚಿತರೆಂದರೆ ಭಯ. ಹೋಗಿಬಂದವರು ಅನುಭವ ಹೇಳಿ.

ಬೆಂದೂರಿನವಳು: ಕುಸ್ವಾರ್, ಅಂದರೆ ನಮ್ಮ ಕ್ರಿಸ್ಮಸ್ ತಿಂಡಿಗಳನ್ನು, ಕಟ್ಟಿಕೊಂಡು ಮಾತ್ರ ಹೋಗಬೇಡಿ. ಕಳೆದ ವರ್ಷ ನಾನು, ಅತ್ತೆ, ನಾದಿನಿ ಮೂರು ರಾತ್ರಿ ನಿದ್ದೆಗೆಟ್ಟು ನಲವತ್ತು ಪೊಟ್ಟಣ ಮಾಡಿದೆವು. ಹದಿನಾಲ್ಕು ತೆಂಗಿನಕಾಯಿ, ಐದು ಲೀಟರ್ ಎಣ್ಣೆ, ಒಂದೂವರೆ ಕಿಲೋ ಗೋಡಂಬಿ. ಒಟ್ಟು 6,340 ರೂಪಾಯಿ, ಗ್ಯಾಸ್ ಲೆಕ್ಕ ಬೇರೆ. ಎಣ್ಣೆ ಸಿಡಿದ ಕಲೆ ನಾದಿನಿಯ ಮಣಿಕಟ್ಟಿನಲ್ಲಿ ಇನ್ನೂ ಇದೆ. ಅಲ್ಲಿನ ಸಿಸ್ಟರ್ ಒಂದು ನೆವ್ರಿಯನ್ನು (ಕರಿಗಡುಬು) ಎತ್ತಿ ತಿರುಗಿಸಿ ನೋಡಿ, "ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ, ಉಳಿದವರಿಗೆ ಹಲ್ಲಿಲ್ಲ" ಎಂದರು. ಒಬ್ಬ ಅಜ್ಜಿ ಮಾತ್ರ ಒಂದು ಕಿಡಿಯೊವನ್ನು (ಸಕ್ಕರೆ ಹಚ್ಚಿದ ಸುರುಳಿ ತಿಂಡಿ) ಊಟದ ಹೊತ್ತಿನವರೆಗೂ ಚೀಪಿದರು. ಮೇಲಿನ ಸಕ್ಕರೆಯೆಲ್ಲ ಕರಗಿದ ಮೇಲೆ ಉಳಿದದ್ದನ್ನು ಒರೆಸಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು.

ಹಳೆಯ ಸ್ಕೂಟರ್: ಕಿಡಿಯೊ ಅಷ್ಟು ಗಟ್ಟಿಯಾಗಬೇಕಾದರೆ ನೀವು ಹಾಕಿದ್ದು ತೆಂಗಿನಕಾಯಿಯನ್ನು ಎರಡನೆಯ ಸಲ ಹಿಂಡಿದ ತೆಳು ಹಾಲೇ. ಇರಲಿ. ನಾವು ತಿಂಡಿ ಒಯ್ಯುವುದಿಲ್ಲ, ನಾಲ್ಕು ವರ್ಷಗಳಿಂದ ಕಾಲಿನ ಉಗುರು ಕತ್ತರಿಸುತ್ತಿದ್ದೇವೆ. ಮೊದಲ ವರ್ಷ, ಮೊದಲ ಅಜ್ಜನ ಹೆಬ್ಬೆರಳಿಗೇ ಮನೆಯ ನೇಲ್ ಕಟರ್ ಮುರಿಯಿತು. ಆ ಉಗುರು ಹಳದಿಗಟ್ಟಿ ಆಡಿನ ಕೊಂಬಿನಂತೆ ಬಾಗಿತ್ತು. ಈಗ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, 480 ರೂಪಾಯಿಯ ದಪ್ಪ ಕತ್ತರಿಯಿಂದ ತೆಗೆಯುತ್ತೇವೆ. ಒಬ್ಬೊಬ್ಬರದಾದ ಮೇಲೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಅದ್ದುತ್ತೇವೆ. ಸಕ್ಕರೆ ಕಾಯಿಲೆಯವರ ಕಾಲನ್ನು ನರ್ಸ್‌ಗೇ ಬಿಡಿ, ಗಾಯವಾದರೆ ಬೇಗ ಮಾಯುವುದಿಲ್ಲ. ಮಗ ನೀರು ತುಂಬುತ್ತಾನೆ. ಹೆಂಡತಿ ಎರಡನೆಯ ವರ್ಷದಿಂದ ಬರುತ್ತಿಲ್ಲ. ಅದು ನಮ್ಮ ಮನೆಯ ಜಗಳ.

ಮೂವರ ತಾಯಿ, ಉಡುಪಿ: ನಾವು ಹೋದದ್ದು ಮಕ್ಕಳ ಆಶ್ರಮಕ್ಕೆ. ಗೋದಲಿ ಕಟ್ಟಿದೆವು, ಹಾಡಿದೆವು, ಎಲ್ಲ ಚಂದವಾಯಿತು. 27ಕ್ಕೆ ನನ್ನ ಮಗಳು ತಲೆ ಕೆರೆಯತೊಡಗಿದಳು. ಸೊಂಟ ಮುಟ್ಟುವ ಕೂದಲು! ಮೂರು ಬಾಟಲಿ ಲೋಷನ್, ಎರಡು ಹೇನಿನ ಹಣಿಗೆ, ಹಾಸಿಗೆ ಬಟ್ಟೆಗಳನ್ನೆಲ್ಲ ಎರಡು ಸಲ ಕುದಿನೀರಿಗೆ ಹಾಕಿದ್ದೇನೆ. ಹೊಸ ವರ್ಷದ ಹಿಂದಿನ ದಿನ ಕೂದಲನ್ನು ಕಿವಿಯವರೆಗೆ ಕತ್ತರಿಸಿಬಿಟ್ಟೆವು. ಅವಳು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದಳು. ಅಲ್ಲಿನ ಮಕ್ಕಳೊಂದಿಗೆ ತೆಗೆದ ಫೋಟೋ ಹಾಕಿದ್ದೇನೆ, ಆಗ ಕೂದಲು ಹೇಗಿತ್ತು ನೋಡಿ.

ನಿವೃತ್ತ ಶಿಕ್ಷಕಿ: ಹೇನು ಆಶ್ರಮದ್ದೇ ಎಂದು ನಿಮಗೆ ಹೇಳಿದವರು ಯಾರು? ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ, ವೈದ್ಯರ ಮಕ್ಕಳ ತಲೆಯಲ್ಲೂ ಹೇನು ಕಂಡಿದ್ದೇನೆ. ಅನಾಥರ ತಲೆಗೆ ಕಟ್ಟುವುದು ಸುಲಭ! ಮೊದಲು ಆ ಫೋಟೋ ತೆಗೆಯಿರಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಂಥ ಮಕ್ಕಳ ಗುರುತು ಬಯಲು ಮಾಡುವಂತಿಲ್ಲ. ಆರು ತಿಂಗಳವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.

ಮೂವರ ತಾಯಿ, ಉಡುಪಿ: ಫೋಟೋ ಅಳಿಸಿದ್ದೇನೆ. ಹೇನಿನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಕೂತು ಕಲಂ ಹೇಳುವವರಿಗಿಂತ ಹೋಗಿ ಹೇನು ತಂದವರು ಮೇಲು.

ನಿವೃತ್ತ ಶಿಕ್ಷಕಿ: ನಾನು ಮನೆಯಲ್ಲಿ ಕೂತಿದ್ದೇನೆಂದು ನಿಮಗೆ ಯಾರು ಹೇಳಿದರು? ಹನ್ನೊಂದು ವರ್ಷಗಳಿಂದ ಪ್ರತಿ ಶನಿವಾರ ಗಣಿತ ಹೇಳಿಕೊಡುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಮಾತ್ರ ಹೋಗುವುದಿಲ್ಲ. ಆ ತಿಂಗಳು ನಿಮ್ಮಂಥವರ ಕಾರು ನಿಲ್ಲಿಸಲಿಕ್ಕೇ ಅಂಗಳ ಸಾಲುವುದಿಲ್ಲ.

ಬೆಂದೂರಿನವಳು: ಹಳೆಯ ಸ್ಕೂಟರ್ ಅವರೇ, ಹಾಕಿದ್ದು ಮೊದಲ ಹಾಲೇ, ಅತ್ತೆ ಸಾಕ್ಷಿ. ಒಂದೊಂದನ್ನೂ ಫೋರ್ಕಿನ ಬೆನ್ನಿನ ಮೇಲೆ ಒತ್ತಿ ಸುರುಳಿ ಸುತ್ತಿದ್ದೇವೆ. ನಿಮ್ಮ ಮನೆಗೆ ಬೇಕರಿಯಿಂದ ಬರುತ್ತದೇನೋ.

ಹಳೆಯ ಸ್ಕೂಟರ್: ನಮ್ಮಲ್ಲಿ ಫೋರ್ಕ್ ಬಳಸುವುದಿಲ್ಲ, ಬಾಚಣಿಗೆ. ಗೆರೆ ತೆಳ್ಳಗೆ ಬರುತ್ತದೆ.

ಬಿಜೈಯ ಅಮ್ಮ: ಎಲ್ಲರಿಗೂ ಧನ್ಯವಾದ. ನಮ್ಮ ಚಿಕ್ಕವನ ಭಯದ ಬಗ್ಗೆ ಯಾರಾದರೂ...

ಬೆಂದೂರಿನವಳು: ಬಾಚಣಿಗೆಯೇ? ಮೇಲಿನ ಹೇನಿನ ಕಥೆ ಓದಿದ ಮೇಲೂ?

ಹಳೆಯ ಸ್ಕೂಟರ್: ಅಡುಗೆಗೇ ಮೀಸಲಿಟ್ಟದ್ದು. 1987ರಲ್ಲಿ ಅಮ್ಮ ಕೊಂಡದ್ದು, ಇವತ್ತಿನವರೆಗೆ ಯಾರ ತಲೆಯನ್ನೂ ಮುಟ್ಟಿಲ್ಲ.