ಮುಂಬಯಿಯಿಂದ ಕುಮಟಾಕ್ಕೆ ಪುಟ್ಟ ನಾಯಿಯೊಂದಿಗೆ: ಕೂಪೆಯೋ, ಗಾರ್ಡ್ ಡಬ್ಬಿಯೋ?

ಸುಮಾ, ಡೊಂಬಿವಲಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಏಳು ವರ್ಷದ, ಆರು ಕಿಲೋ ತೂಕದ ಪೊಮೆರೇನಿಯನ್ ಇದೆ. ಅವಳ ಹೆಸರು ಬೆಳ್ಳಿ. ಕುಮಟಾದಲ್ಲಿರುವ ಅಮ್ಮನಿಗೆ ಸೊಂಟದ ಶಸ್ತ್ರಚಿಕಿತ್ಸೆ ಆಗಿರುವುದರಿಂದ ನಾನು ಎರಡು ತಿಂಗಳಾದರೂ ಅಲ್ಲಿರಬೇಕು. ನನಗೆ ಕಾರು ಓಡಿಸಲು ಬರುವುದಿಲ್ಲ, ನಮ್ಮ ಯಜಮಾನರು ಕೆಲಸದ ಮೇಲೆ ಊರೂರು ತಿರುಗುವವರು. ಖಾಸಗಿ ಸ್ಲೀಪರ್ ಬಸ್ಸಿನವರೊಬ್ಬರು ಫೋನಿನಲ್ಲಿ ಒಪ್ಪಿಕೊಂಡು, ಬಸ್ಸು ಹತ್ತುವ ಹೊತ್ತಿಗೆ ನಾಯಿಯನ್ನು ಡಿಕ್ಕಿಯಲ್ಲಿಡಿ ಎಂದಾಗ ನಾನು ಅಲ್ಲಿಂದಲೇ ಮನೆಗೆ ಮರಳಿದೆ. ರೈಲಿನಲ್ಲಿ ಕರೆದುಕೊಂಡು ಹೋದವರು ದಯವಿಟ್ಟು ದಾರಿ ತಿಳಿಸಿ.

ಪ್ರಕಾಶ್, ನೆರೂಳ್:
ಇಷ್ಟು ಚಿಕ್ಕ ನಾಯಿಗೆ ಇಷ್ಟೊಂದು ಚಿಂತೆ ಬೇಡ. ನಾನು ನಮ್ಮ ನಾಯಿಯನ್ನು ಗಾಳಿಯಾಡುವ ಚೀಲದಲ್ಲಿ ಕೂರಿಸಿಕೊಂಡು ಎರಡು ಸಲ ಥ್ರೀ ಟಿಯರ್ ಎಸಿಯಲ್ಲಿ ಉಡುಪಿಗೆ ಹೋಗಿಬಂದಿದ್ದೇನೆ. ಅದು ಬೊಗಳಲಿಲ್ಲ, ಯಾರೂ ಕೇಳಲೂ ಇಲ್ಲ.

ರಾಘವೇಂದ್ರ, ಠಾಣೆ:
ಪ್ರಕಾಶ್ ಅವರೇ, ನಿಮ್ಮ ಪ್ರಯಾಣ ಸುಗಮವಾಗಿ ಮುಗಿದದ್ದು ಸಂತೋಷವೇ, ಆದರೆ ಆ ಸಲಹೆಯನ್ನು ಇನ್ನೊಬ್ಬರಿಗೆ ಕೊಡಬಾರದೆಂದು ಪಾರ್ಸೆಲ್ ಆಫೀಸಿನಲ್ಲಿ ದುಡಿದು ನಿವೃತ್ತನಾದ ನಾನು ಹೇಳಬೇಕಾಗುತ್ತದೆ. ಟೂ ಟಿಯರ್, ಥ್ರೀ ಟಿಯರ್, ಚೇರ್ ಕಾರ್, ಸ್ಲೀಪರ್ ಇವುಗಳಲ್ಲಿ ಯಾವುದರಲ್ಲೂ ನಾಯಿಗೆ ಅನುಮತಿಯಿಲ್ಲ. ಸಿಕ್ಕಿಬಿದ್ದರೆ ಲಗೇಜ್ ದರದ ಆರು ಪಟ್ಟು ದಂಡ ಕಟ್ಟಬೇಕು. ದಂಡಕ್ಕಿಂತ ದೊಡ್ಡ ಕಷ್ಟವೆಂದರೆ, ನಡುರಾತ್ರಿ ಯಾವುದೋ ನಿಲ್ದಾಣದಲ್ಲಿ ಆ ಜೀವವನ್ನು ಹೆದರಿಕೆಯ ನಡುವೆಯೇ ಗಾರ್ಡ್ ಡಬ್ಬಿಗೆ ಸಾಗಿಸಬೇಕಾಗುತ್ತದೆ.

ನ್ಯಾಯವಾದ ದಾರಿ ಎರಡೇ. ಎಸಿ ಫಸ್ಟ್ ಕ್ಲಾಸಿನಲ್ಲಿ ಇಬ್ಬರ ಮುಚ್ಚಿದ ಕೋಣೆಯಾದ ಕೂಪೆಯೋ ನಾಲ್ವರ ಕ್ಯಾಬಿನ್ನೋ ಪೂರ್ತಿಯಾಗಿ ನಿಮ್ಮದಾಗಿದ್ದರೆ ಬೆಳ್ಳಿ ನಿಮ್ಮ ಜೊತೆಯಲ್ಲೇ ಇರಬಹುದು. ಇಲ್ಲವಾದರೆ ಬ್ರೇಕ್ ವ್ಯಾನ್, ಅಂದರೆ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆಯೇ ಗತಿ. ಟಿಕೆಟ್ ಆನ್‌ಲೈನಿನಲ್ಲಿ ತೆಗೆದರೂ ನಾಯಿಯ ಬುಕಿಂಗ್ ಪಾರ್ಸೆಲ್ ಆಫೀಸಿನಲ್ಲೇ ಆಗುತ್ತದೆ. ಲಸಿಕೆ ಪುಸ್ತಕ, ಹೊರಡುವ ಒಂದೆರಡು ದಿನದೊಳಗೆ ಪಶುವೈದ್ಯರು ಬರೆದುಕೊಟ್ಟ ಆರೋಗ್ಯ ಪ್ರಮಾಣಪತ್ರ, ನಿಮ್ಮ ಟಿಕೆಟ್ಟಿನ ಪ್ರತಿ, ಗುರುತಿನ ಚೀಟಿ ಇವಿಷ್ಟನ್ನೂ ಹಿಡಿದು ಎರಡು ಮೂರು ಗಂಟೆ ಮೊದಲೇ ಹೋಗಿ. ಠಾಣೆಯಲ್ಲಿ ಗಾಡಿ ಕೆಲವೇ ನಿಮಿಷ ನಿಲ್ಲುತ್ತದೆ. ಹೊರಡುವ ನಿಲ್ದಾಣವಾದ ಸಿಎಸ್‌ಎಂಟಿಯಿಂದಲೇ ಹತ್ತುವುದು ಒಳ್ಳೆಯದು.

ಅನುಪಮಾ, ಪುಣೆ:
ಪಶುವೈದ್ಯೆಯಾಗಿ ಬರೆಯುತ್ತಿದ್ದೇನೆ. ಸುಮಾ ಅವರೇ, ಕೂಪೆ ಸಿಗದಿದ್ದರೆ ಪ್ರಯಾಣವನ್ನೇ ಮುಂದೂಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಅದು ಮೈಯ ಬಿಸಿಯನ್ನು ಹೊರಹಾಕಬೇಕು. ದಟ್ಟ ಕೂದಲಿನ ಪೊಮೆರೇನಿಯನ್ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಲೋಹದ ಪೆಟ್ಟಿಗೆಯೊಳಗೆ ಕೂತರೆ, ಹೊರಗೆ ತಂಪಿಲ್ಲದೆ, ಒಳಗೆ ಗಾಳಿಯಿಲ್ಲದೆ, ಎಷ್ಟು ಏದುಸಿರು ಬಿಟ್ಟರೂ ಪ್ರಯೋಜನವಾಗುವುದಿಲ್ಲ. ಪಗ್, ಶಿಟ್ಜು ಮುಂತಾದ ಚಪ್ಪಟೆ ಮೂತಿಯ ತಳಿಗಳಿಗೆ ಈ ಅಪಾಯ ಇನ್ನೂ ಹೆಚ್ಚು. ನಿದ್ದೆ ಬರುವ ಮಾತ್ರೆ ಕೊಟ್ಟು ಮಲಗಿಸಿದರಾಯಿತು ಎಂದು ಕೆಲವರು ಯೋಚಿಸುತ್ತಾರೆ. ಅಂಥ ಔಷಧಿ ರಕ್ತದೊತ್ತಡವನ್ನು ಇಳಿಸಿ, ಮೈಯ ಉಷ್ಣತೆ ಕಾಯುವ ಶಕ್ತಿಯನ್ನೂ ಕುಗ್ಗಿಸಬಲ್ಲದು. ವೈದ್ಯರು ನೋಡದೆ ಅದನ್ನು ಕೊಡಲೇಬೇಡಿ.

ರಾಘವೇಂದ್ರ, ಠಾಣೆ:
ಡಾಕ್ಟರಮ್ಮ ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಮಾತು ಮಾತ್ರ ಸೇರಿಸಬೇಕು. ಎಲ್‌ಎಚ್‌ಬಿ ಎನ್ನುವ ಹೊಸ ಬಗೆಯ ಬೋಗಿಗಳಿರುವ ಗಾಡಿಗಳಲ್ಲಿ ಬ್ರೇಕ್ ವ್ಯಾನ್ ಹೆಚ್ಚಾಗಿ ಜನರೇಟರ್ ಇರುವ ಪವರ್ ಕಾರಿನಲ್ಲೇ ಇರುತ್ತದೆ. ಡೀಸೆಲ್ ಜನರೇಟರ್ ಓಡುತ್ತಿದ್ದ ದಿನಗಳಲ್ಲಿ ಅಲ್ಲಿನ ಸದ್ದು ಮನುಷ್ಯರಿಗೇ ಕಷ್ಟವಾಗುತ್ತಿತ್ತು. ಈಗ ಬೋಗಿಗಳ ವಿದ್ಯುತ್ತನ್ನು ಎಂಜಿನ್ನಿನಿಂದಲೇ ಪಡೆಯುವ ವ್ಯವಸ್ಥೆ ಬಂದಿದೆ, ಕೊಂಕಣ ಮಾರ್ಗವೂ 2022ರಲ್ಲಿ ಪೂರ್ತಿ ವಿದ್ಯುದೀಕರಣಗೊಂಡಿದೆ. ಹಾಗಾಗಿ ಸದ್ದು ಕಡಿಮೆಯಾಗಿರುವುದು ನಿಜ. ಆದರೂ ಒಂಟಿತನ ಕಡಿಮೆಯಾಗಿಲ್ಲ. ಪ್ರತಿ ದೊಡ್ಡ ನಿಲ್ದಾಣದಲ್ಲಿ ಒಡೆಯನೇ ಓಡಿಹೋಗಿ ನೀರು ಕುಡಿಸಬೇಕು. ಒಮ್ಮೆ ಬೇಸಿಗೆಯಲ್ಲಿ, ಆ ಪೆಟ್ಟಿಗೆಯಿಂದ ಇಳಿಸಿದ ನಾಯಿಯೊಂದು ನನ್ನ ಕಣ್ಣೆದುರೇ ನಿಲ್ಲಲಾರದೆ ಪ್ಲಾಟ್‌ಫಾರ್ಮಿನ ಮೇಲೆ ಕುಸಿದುಹೋಯಿತು. ಬೋಗುಣಿಯಲ್ಲಿ ನೀರು ತಂದುಕೊಟ್ಟೆವು, ಬದುಕಿತು. ಆ ನೋಟ ಮರೆತಿಲ್ಲ.

ಪ್ರಕಾಶ್, ನೆರೂಳ್:
ಪವರ್ ಕಾರಿನ ವಿಷಯ ನನಗೆ ತಿಳಿದಿರಲಿಲ್ಲ. ಆದರೆ ಎಸಿ ಫಸ್ಟ್ ಕ್ಲಾಸಿನ ಎರಡು ಟಿಕೆಟ್ ಎಲ್ಲರ ಕೈಗೆಟಕುವ ಮಾತಲ್ಲ ಎಂಬುದನ್ನೂ ನಾವು ನೆನಪಿಡಬೇಕು. ಹಣವಿದ್ದವರ ನಾಯಿಗೆ ಮಾತ್ರ ಮಾನದ ಪ್ರಯಾಣ ಎನ್ನುವ ವ್ಯವಸ್ಥೆಯೇ ಜನರನ್ನು ಚೀಲದಲ್ಲಿ ಬಚ್ಚಿಡುವಂತೆ ಮಾಡುತ್ತದೆ. ಆಕಾಸಾ ವಿಮಾನ ಕಂಪನಿಯವರು 2022ರ ನವೆಂಬರಿನಿಂದ ಚೀಲ ಸೇರಿ ಏಳು ಕಿಲೋವರೆಗಿನ ಪ್ರಾಣಿಯನ್ನು ಕ್ಯಾಬಿನ್ನಿನಲ್ಲೇ ಬಿಡಲು ಆರಂಭಿಸಿ, ಆಮೇಲೆ ಮಿತಿಯನ್ನು ಹತ್ತು ಕಿಲೋಗೆ ಏರಿಸಿದರು. ರೈಲಿಗೆ ಅಂಥದ್ದು ಏಕೆ ಸಾಧ್ಯವಿಲ್ಲ?

ಗಿರಿಜಾ, ಮಾಟುಂಗಾ:
ಸಾಧ್ಯವಾಗಬೇಕು, ಆದರೆ ಎದುರು ಬರ್ತಿನಲ್ಲಿ ಉಬ್ಬಸದ ರೋಗಿಯೋ ನಾಯಿಗೆ ಹೆದರುವ ಮಗುವೋ ಇದ್ದರೆ ಅವರ ಹಕ್ಕನ್ನೂ ಎಣಿಸಬೇಕಲ್ಲವೇ? ಸುಮಾ, ಬೆಳ್ಳಿಯನ್ನು ಎರಡು ತಿಂಗಳ ಮಟ್ಟಿಗೆ ಇಲ್ಲೇ ಯಾರಾದರೂ ಪರಿಚಿತರ ಮನೆಯಲ್ಲಿ ಬಿಡಲು ಆಗುವುದಿಲ್ಲವೇ?

ಸುಮಾ, ಡೊಂಬಿವಲಿ:
ಗಿರಿಜಕ್ಕ, ಕಳೆದ ವರ್ಷ ನಾಲ್ಕೇ ದಿನ ಬಿಟ್ಟಿದ್ದೆ. ಅವಳು ಅನ್ನ ಮುಟ್ಟದೆ ಬಾಗಿಲ ಬಳಿಯೇ ಮಲಗಿದ್ದಳಂತೆ. ಅಮ್ಮನೂ ಫೋನ್ ಮಾಡಿದಾಗಲೆಲ್ಲ ಬೆಳ್ಳಿ ಬರುತ್ತಾಳೆ ತಾನೆ ಎಂದೇ ಕೇಳುತ್ತಾರೆ. ರಾಘವೇಂದ್ರ ಅವರೇ, ಕಾಲೇಜಿಗೆ ಹೋಗುವ ಮಗಳು ನನ್ನ ಜೊತೆ ಬಂದು ಮರಳುತ್ತೇನೆ ಎನ್ನುತ್ತಿದ್ದಾಳೆ. ಇಬ್ಬರಿಗೂ ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ತೆಗೆದರೆ ಕೂಪೆ ಖಂಡಿತ ಸಿಗುತ್ತದೆಯೇ?

ರಾಘವೇಂದ್ರ, ಠಾಣೆ:
ಖಂಡಿತ ಎನ್ನಲಾರೆ, ಏಕೆಂದರೆ ಕೂಪೆಯೋ ಕ್ಯಾಬಿನ್ನೋ ಎಂಬುದು ಬರ್ತ್ ಹಂಚಿಕೆಯ ಚಾರ್ಟ್ ತಯಾರಾಗುವಾಗಲೇ ತೀರ್ಮಾನವಾಗುತ್ತದೆ. ಟಿಕೆಟ್ ಖಚಿತವಾದ ಕೂಡಲೇ ನಾಯಿ ಇರುವ ಕಾರಣವನ್ನೂ ಪಿಎನ್‌ಆರ್ ಸಂಖ್ಯೆಯನ್ನೂ ಬರೆದು ರೈಲ್ವೆಯ ವಾಣಿಜ್ಯ ವಿಭಾಗಕ್ಕೆ ಕೂಪೆಗಾಗಿ ಅರ್ಜಿ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ನಾಲ್ವರ ಕ್ಯಾಬಿನ್ ಬಂದು ಸಹಪ್ರಯಾಣಿಕರು ಬೇಡವೆಂದರೆ ನಾಯಿಯನ್ನು ವ್ಯಾನಿಗೆ ಕಳಿಸುತ್ತಾರೆ, ಹಣ ಮರಳುವುದಿಲ್ಲ. ಅಂಥ ಚಾರ್ಟ್ ಬಂದರೆ ಅಂದು ಹೊರಡಬೇಡಿ.

ಗಣೇಶ್, ಮಡಗಾಂವ್:
ಮುಂಬಯಿಯಿಂದ ಬರುವ ರಾತ್ರಿಯ ಕೊಂಕಣಕನ್ಯಾ ರೈಲಿನಲ್ಲಿ ಎಸಿ ಫಸ್ಟ್ ಕ್ಲಾಸ್ ಇದೆ, ಆದರೆ ಅದು ಮಡಗಾಂವಿನವರೆಗೆ ಮಾತ್ರ. ಬೆಳಿಗ್ಗೆ ಇಲ್ಲಿಳಿದು ಬೆಳ್ಳಿಯನ್ನು ಸ್ವಲ್ಪ ನಡೆಸಿ, ನೀರು ಕುಡಿಸಿ, ಕಾರವಾರದ ಬಸ್ಸು ಹಿಡಿಯಬಹುದು. ಕಾರವಾರದಿಂದ ಕುಮಟಾ ಸುಮಾರು 70 ಕಿಲೋಮೀಟರ್. ಕರ್ನಾಟಕದ ಸಾರಿಗೆಯಲ್ಲಿ ನಾಯಿಗೆ ಅವಕಾಶವಿರುವುದು ಸಾಮಾನ್ಯ ಬಸ್ಸುಗಳಲ್ಲೇ ಹೊರತು ರಾಜಹಂಸದಂಥವುಗಳಲ್ಲಲ್ಲ. ಕಂಡಕ್ಟರನ್ನು ಕೇಳಿ, ಅವಳಿಗೂ ಟಿಕೆಟ್ ತೆಗೆದುಕೊಂಡೇ ಹತ್ತಿ.

ಅನುಪಮಾ, ಪುಣೆ:
ಹೊರಡುವ ನಾಲ್ಕೈದು ಗಂಟೆ ಮೊದಲೇ ಬೆಳ್ಳಿಯ ಊಟ ಮುಗಿಸಿ, ನೀರನ್ನು ಮಾತ್ರ ನಿಲ್ಲಿಸಬೇಡಿ. ಅವಳನ್ನು ಒಯ್ಯುವ ಹೊಸ ಬುಟ್ಟಿಯನ್ನು ಇಂದೇ ಮನೆಯಲ್ಲಿ ಬಾಗಿಲು ತೆರೆದಿಟ್ಟು, ನಿಮ್ಮ ಹಳೆಯ ಸೀರೆಯೊಂದನ್ನು ಅದರಲ್ಲಿ ಹಾಸಿ. ಅವಳು ತಾನಾಗಿಯೇ ಒಳಗೆ ಹೋಗಿ ಮಲಗತೊಡಗಿದ ಮೇಲೆ ಟಿಕೆಟ್ ತೆಗೆಯಿರಿ.

ಸುಮಾ, ಡೊಂಬಿವಲಿ:
ಬುಟ್ಟಿಯನ್ನು ಈಗಷ್ಟೇ ನಡುಮನೆಯಲ್ಲಿ ಇಟ್ಟಿದ್ದೇನೆ. ಸುತ್ತಲೂ ಮೂಸಿ ನೋಡಿ, ಸೀರೆಯ ಸೆರಗನ್ನು ಹೊರಗೆಳೆದು ಅದರ ಮೇಲೆ ಮಲಗಿದ್ದಾಳೆ. ಒಳಗೆ ಇನ್ನೂ ಹೋಗಿಲ್ಲ. ಹದಿನೈದು ದಿನ ಕಾಯುತ್ತೇವೆ.